ಅಮಾನ್ ಅಂಕಲ್ ಕೈ ಎತ್ತಿದ ವರ್ಷ

ಹೋದ ತಿಂಗಳು ನಮ್ಮ ಅಡುಗೆಮನೆಯ ನೆಲಕ್ಕೆ ಹೊಸ ಟೈಲ್ಸ್ ಹಾಕಿಸಿದೆವು. ಕೆಲಸದವರು ಮಧ್ಯಾಹ್ನ ಊಟಕ್ಕೆಂದು ಹೊರಗೆ ಹೋದಾಗ, ಎಷ್ಟು ಮುಗಿದಿದೆ ನೋಡೋಣ ಎಂದು ಬಾಗಿಲಲ್ಲಿ ನಿಂತು ಇಣುಕಿದೆ. ಟೈಲ್ಸ್ ಸಂದಿಗಳಿಗೆ ತುಂಬಿದ್ದ ಹಸಿ ಸಿಮೆಂಟಿನ ವಾಸನೆ ಮೂಗಿಗೆ ಬಡಿಯಿತು. ಅದರ ಜೊತೆಗೆ ಒಂದಿಷ್ಟು ಏಲಕ್ಕಿ ಚಹಾದ ವಾಸನೆಯೂ ಸೇರಿದ್ದರೆ ನಾನು ಅಮಾನ್ ಅಂಕಲ್ ಅವರ ಟ್ರಕ್ಕಿನಲ್ಲಿ ಕೂತಿದ್ದೇನೆ ಎಂದೇ ಅನ್ನಿಸಿಬಿಡುತ್ತಿತ್ತು. ಏಲಕ್ಕಿ ಇರಲಿಲ್ಲ. ಆದರೆ ಮನಸ್ಸು ಕೇಳಬೇಕಲ್ಲ. ಮಿಶಿಗನ್ನಿನ ವಿಕ್ಸಮ್‌ನಲ್ಲಿರುವ ಈ ಮನೆ ಬಿಟ್ಟು ಅದು ಆಗಲೇ ಶಿಕಾಗೋ ಪಕ್ಕದ ಹಾಫ್‌ಮನ್ ಎಸ್ಟೇಟ್ಸ್‌ಗೆ, ನಮ್ಮ ಹಳೆಯ ಬೀದಿಗೆ ಹೋಗಿ ಕೂತಿತ್ತು. ಆರು ವರ್ಷದ ಹಿಂದಿನ ಮಾತು. 2003ರ ಶರತ್ಕಾಲದಲ್ಲಿ ಶುರುವಾಗಿ ಮರುವರ್ಷದ ಚಳಿಗಾಲಕ್ಕೆ ಮುಗಿದದ್ದು.

ನಾನು ಗದಗಿನವಳು, ಬಾಯಿ ಸ್ವಲ್ಪ ಜೋರು. ನಮ್ಮವರು ಮೈಸೂರಿನವರು, ಬಾಯಿ ಇದೆಯೋ ಇಲ್ಲವೋ ಎಂದು ಆಗಾಗ ಅನುಮಾನ ಬರುತ್ತದೆ. ಮದುವೆಯಾದ ಮೇಲೆ ಮೊದಲು ಲೊಂಬಾರ್ಡಿನ ಅಪಾರ್ಟ್‌ಮೆಂಟಿನಲ್ಲಿದ್ದೆವು. ಅಲ್ಲಿ ನಮ್ಮ ಕೆಳಗಿನ ಮನೆಯಲ್ಲಿ ತಿಪಟೂರಿನ ಅಮಾನುಲ್ಲಾ ಅಂಕಲ್ ಮತ್ತು ನೂರ್ ಆಂಟಿ ಇದ್ದರು. ಆಮೇಲೆ ಹಾಫ್‌ಮನ್ ಎಸ್ಟೇಟ್ಸ್‌ನಲ್ಲಿ ಒಂದೇ ಅಚ್ಚಿನಲ್ಲಿ ತೆಗೆದಂಥ ಮನೆಗಳ ಸಬ್‌ಡಿವಿಷನ್ ಒಂದರಲ್ಲಿ ನಾವು ಮನೆ ಕೊಂಡಾಗ, ಪಕ್ಕದ ಮನೆ ಮಾರಾಟಕ್ಕಿದೆ ಬನ್ನಿ ಎಂದು ಅವರನ್ನು ಎಳೆದು ತಂದವಳೂ ನಾನೇ. ನೂರ್ ಆಂಟಿ ಆ ಮನೆಯಲ್ಲಿ ಬೇರೇನನ್ನೂ ನೋಡಲಿಲ್ಲ. ಅಡುಗೆಮನೆಗೆ ಹೋಗಿ ಕಿಟಕಿ ತೆರೆದರು. ಎದುರಿಗೆ ನನ್ನ ಅಡುಗೆಮನೆಯ ಕಿಟಕಿ ಕಂಡಿತು. "ಇದೇ ಆಯ್ತು ಬಿಡಿ" ಅಂದರು. ಅಂದಿನಿಂದ ಬೇಲಿಯ ಮೇಲೆ ನನ್ನ ಜೋಳದ ರೊಟ್ಟಿ ಆ ಕಡೆ, ಅವರ ಕಡ್ಲೆಬೇಳೆ ಹಲ್ವ ಈ ಕಡೆ ಹೋಗಿ ಬಂದು ಮಾಡುತ್ತಿದ್ದವು.

ಅಂಕಲ್ ಜನರ ಮನೆಗಳಲ್ಲಿ ಬಚ್ಚಲಿಗೆ, ಅಡುಗೆಮನೆಗೆ ಟೈಲ್ಸ್ ಹಾಕುವ ಕೆಲಸ ಮಾಡುತ್ತಿದ್ದರು. ಸ್ವಂತ ಕಸುಬು, ಒಬ್ಬರೇ ಮಾಲೀಕರು, ಒಬ್ಬರೇ ಆಳು. ಅವರ ಹತ್ತಿರ ಬಿಳಿ ಬಣ್ಣದ ಹಳೇ ಪಿಕಪ್ ಟ್ರಕ್ ಇತ್ತು. ಮುಂದೆ ಒಂದೇ ಸಾಲು ಸೀಟು, ಹಿಂದೆ ಉದ್ದನೆಯ ತೆರೆದ ತೊಟ್ಟಿ, ತೊಟ್ಟಿಯ ಮೇಲೆ ಏಣಿ ಇಡುವ ಕಬ್ಬಿಣದ ಚೌಕಟ್ಟು, ಬಾಗಿಲ ಮೇಲೆ ನೀಲಿ ಅಕ್ಷರದಲ್ಲಿ ಅವರ ಹೆಸರು. ಆ ಕಾಲಕ್ಕೆ ಲೊಂಬಾರ್ಡಿನಲ್ಲಿ ಮನೆ ಬದಲಾಯಿಸಿದ ಕನ್ನಡದವರಲ್ಲಿ ಆ ತೊಟ್ಟಿಯಲ್ಲಿ ತಮ್ಮ ಸೋಫಾ ಹೇರದವರು ಕಡಿಮೆ. "ಅಂಕಲ್, ಶನಿವಾರ ಫ್ರೀ ಇದೀರಾ?" ಎಂದು ಫೋನ್ ಬಂದರೆ ಸಾಕು, ಅವತ್ತು ಬೇರೆ ಕೆಲಸವಿದ್ದರೂ ಅಂಕಲ್ "ಇದೀನಿ, ಇದೀನಿ" ಅನ್ನುತ್ತಿದ್ದರು. ಬೆನ್ನ ಹಿಂದೆ ಅದೇ ಜನ ಆ ಗಾಡಿಗೆ ಲಾರಿ ಎಂದು ಹೆಸರಿಟ್ಟಿದ್ದರು. ಪಾರ್ಟಿಗೆ ಬಂದವರು ತಮ್ಮ ಕಾರನ್ನು ಅದರ ಪಕ್ಕ ನಿಲ್ಲಿಸಲು ಹಿಂದೆಮುಂದೆ ನೋಡುತ್ತಿದ್ದರು. ಅಂಕಲ್‌ಗೆ ಇದೆಲ್ಲ ಗೊತ್ತಿತ್ತು. ಆದರೆ ಆ ಮನುಷ್ಯನಿಗೆ ದಾಕ್ಷಿಣ್ಯ ಎನ್ನುವುದು ಹುಟ್ಟಿನಿಂದ ಬಂದ ಕಾಯಿಲೆ. ಎದುರಿಗೆ ನಿಂತವರಿಗೆ ಇಲ್ಲ ಎನ್ನುವುದು ಅವರಿಂದ ಆಗುತ್ತಲೇ ಇರಲಿಲ್ಲ.

ನನ್ನ ಕೆಲಸವೂ ಪಿಕಪ್ ಟ್ರಕ್ಕುಗಳದ್ದೇ ಆಗಿತ್ತು ಎನ್ನುವುದು ಈ ಕಥೆಯ ತಮಾಷೆ. ಗಾಡಿ ಮಾಡುವ ಕಂಪನಿಗಳಿಗೆ ಗಿರಾಕಿಗಳ ಮನಸ್ಸು ಕೇಳಿ ಹೇಳುವ ಸಣ್ಣ ಆಫೀಸೊಂದು ವಿಕ್ಸಮ್‌ನಲ್ಲಿತ್ತು. ನಾನು ಮನೆಯಿಂದಲೇ ಫೋನಿನಲ್ಲಿ ಹೊಸ ಟ್ರಕ್ ಕೊಂಡವರನ್ನು ಮಾತಾಡಿಸಿ, ತಿಂಗಳಿಗೊಮ್ಮೆ ಐದು ಗಂಟೆ ಡ್ರೈವ್ ಮಾಡಿಕೊಂಡು ಹೋಗಿ ವರದಿ ಒಪ್ಪಿಸಿ ಬರುತ್ತಿದ್ದೆ. ಅದರಲ್ಲಿ ಒಂದು ಪ್ರಶ್ನೆ ಇತ್ತು: ಹೋದ ತಿಂಗಳು ಹಿಂದುಗಡೆ ಏನು ಹೇರಿದಿರಿ? ಮೊದಮೊದಲು ಜನ ಮರಳು, ಹುಲ್ಲಿನ ಪಿಂಡಿ, ಮರದ ಹಲಗೆ ಎನ್ನುತ್ತಿದ್ದರು. ಬರಬರುತ್ತಾ ಉತ್ತರಗಳು ಬದಲಾದವು. ಒಬ್ಬ ಹಲ್ಲಿನ ಡಾಕ್ಟರು ಬಹಳ ಯೋಚನೆ ಮಾಡಿ, ಡಿಸೆಂಬರಿನಲ್ಲಿ ಒಂದು ಕ್ರಿಸ್‌ಮಸ್ ಗಿಡ ತಂದಿದ್ದೆ ಎಂದ. ಇನ್ನೊಬ್ಬಾಕೆ, ಏನೂ ಇಲ್ಲ, ಆದರೆ ಬೇಕಾದರೆ ಹೇರಬಹುದಲ್ಲ ಎಂದಳು. ಬೇಕಾದರೆ ಎನ್ನುವ ಆ ಮಾತು ನನಗೆ ಫೋನಿನಲ್ಲಿ ಮತ್ತೆ ಮತ್ತೆ ಕೇಳುತ್ತಿತ್ತು. ಒಬ್ಬನಿಗೆ ಮುಂದೆಂದೋ ಕೊಳ್ಳುವ ಕುದುರೆ, ಇನ್ನೊಬ್ಬನಿಗೆ ಮುಂದೆಂದೋ ಕಟ್ಟುವ ಮನೆ. ನಮ್ಮ ಅವ್ವ ಅಟ್ಟದ ಮೇಲೆ ನೂರು ಜನಕ್ಕೆ ಅನ್ನ ಮಾಡುವ ಕೊಳದಪ್ಪಲೆಯೊಂದನ್ನು ಬೆಳಗಿ ಬೆಳಗಿ ಇಡುತ್ತಿದ್ದಳು, ಅದು ಒಲೆ ಕಂಡಿದ್ದನ್ನು ನಾನು ನೋಡಿಲ್ಲ. ಹಾಗಾಗಿ ಆ ಅಮೆರಿಕನ್ನರನ್ನು ನೋಡಿ ನಗಲು ನನಗೆ ಅಷ್ಟು ಸುಲಭವಾಗಿ ಮನಸ್ಸು ಬರುತ್ತಿರಲಿಲ್ಲ.

ನಮ್ಮ ವರದಿ ನೋಡಿದ ಕಂಪನಿಯವರು ಹಿಂದಿನ ತೊಟ್ಟಿ ಮೊಟಕು ಮಾಡಿ, ಮುಂದೆ ನಾಲ್ಕು ಬಾಗಿಲು, ಎರಡು ಸಾಲು ಸೀಟು ಇಟ್ಟರು. ಆಮೇಲೆ ಸೀಟಿಗೆ ಚರ್ಮ ಬಂತು. ಆ ಚರ್ಮಕ್ಕೆ ಬಿಸಿ ಮಾಡುವ ಸ್ವಿಚ್ ಬಂತು. ಗದ್ದೆಗೆ ಹೋಗುತ್ತಿದ್ದ ಗಾಡಿ ಹೀಗೆ ನನ್ನ ಕಣ್ಣೆದುರಿಗೇ ಚರ್ಚಿಗೂ ಶಾಪಿಂಗ್ ಮಾಲ್‌ಗೂ ಹೋಗುವ ಗಾಡಿಯಾಯಿತು.

ಸರಿ, ಆ ಅಕ್ಟೋಬರಿನ ಮೀಟಿಂಗಿಗೆ ಬರುತ್ತೇನೆ. ನಮ್ಮ ಸಬ್‌ಡಿವಿಷನ್ನಿನ ಮನೆ ಮಾಲೀಕರ ಸಂಘದ ಅಧ್ಯಕ್ಷ ಡೇಲ್ ಎಂಬ ಅಮೆರಿಕನ್, ನಿವೃತ್ತಿಯಾದವನು, ಅಂಕಲ್ ಮನೆಯ ಎದುರಿನ ಮನೆ. ಒಳ್ಳೆಯವನೇ. ಹಿಮ ಬಿದ್ದ ದಿನ ತನ್ನ ಯಂತ್ರ ತಳ್ಳಿಕೊಂಡು ಬಂದು ನಮ್ಮ ಮನೆ ಮುಂದಿನದನ್ನೂ ತೆಗೆದು ಹೋಗುತ್ತಿದ್ದ. ಆದರೆ ಬೀದಿ ಚಿತ್ರದಲ್ಲಿದ್ದಂತೆ ಇರಬೇಕು ಎನ್ನುವ ಹುಚ್ಚು. ಆ ದಿನ ಅವನು ಹೊಸ ನಿಯಮವೊಂದನ್ನು ತಂದಿದ್ದ. ಟ್ರಕ್ಕುಗಳು ಇನ್ನು ರಾತ್ರಿ ಮನೆ ಮುಂದೆ ನಿಲ್ಲುವಂತಿಲ್ಲ, ಗ್ಯಾರೇಜಿನ ಒಳಗಿರಬೇಕು, ಬಾಗಿಲು ಮುಚ್ಚಿರಬೇಕು. ನಮ್ಮ ಬೀದಿಯಲ್ಲಿದ್ದ ಟ್ರಕ್ಕು ಒಂದೇ. ಹೆಸರು ಹೇಳದಿದ್ದರೂ ಎಲ್ಲರಿಗೂ ಗೊತ್ತಿತ್ತು.

ಹೆಸರು ಹೇಳಿಯೂ ಬಿಟ್ಟ, ಆದರೆ ಹೊಗಳಲು. ಸಂಘದ ಸಭಾಂಗಣದ ಬಾಗಿಲಲ್ಲಿ ಒಡೆದಿದ್ದ ಟೈಲ್ಸನ್ನು ಅಂಕಲ್ ಹಿಂದಿನ ವಾರ ಪುಕ್ಕಟೆ ಸರಿ ಮಾಡಿಕೊಟ್ಟಿದ್ದರು. ಅಮಾನ್‌ನಂಥ ನೆರೆಯವರು ಸಿಗುವುದು ನಮ್ಮ ಪುಣ್ಯ ಎಂದು ಡೇಲ್ ಚಪ್ಪಾಳೆ ತಟ್ಟಿಸಿದ. ತಟ್ಟಿದ ಕೈ ಇನ್ನೂ ಬಿಸಿ ಇರುವಾಗಲೇ, ನಿಯಮಕ್ಕೆ ಒಪ್ಪಿಗೆ ಇರುವವರು ಕೈ ಎತ್ತಿ ಎಂದ. ಲೊಂಬಾರ್ಡಿನಿಂದ ನಮ್ಮ ಹಿಂದೆಯೇ ಬಂದು ಬೀದಿಯಲ್ಲಿ ಮನೆ ಕೊಂಡಿದ್ದ ಕನ್ನಡದವರು ಒಬ್ಬರ ಮುಖ ಒಬ್ಬರು ನೋಡಿ ಎತ್ತಿದರು. ನಮ್ಮವರ ಕೈ ಕೂಡ ಅರ್ಧಕ್ಕೆ ಎದ್ದಿತ್ತು, ನಾನು ನೋಡಿದ ನೋಟಕ್ಕೆ ಅದು ತಲೆ ಕೆರೆದುಕೊಳ್ಳುವ ಕೈಯಾಯಿತು. ಡೇಲ್ ನಗುತ್ತಾ ಅಂಕಲ್ ಕಡೆ ನೋಡಿದ. ಅಂಕಲ್ ಕೂಡ ನಕ್ಕರು. ನಕ್ಕು, ಕೈ ಎತ್ತಿದರು.

ನನಗೆ ಮೈಯೆಲ್ಲ ಉರಿದುಹೋಯಿತು. ಮನೆಗೆ ನಡೆದು ಬರುವಾಗ ಕೇಳಿಯೇಬಿಟ್ಟೆ. "ಅಲ್ರೀ ಅಂಕಲ್, ನಿಮ್ಮ ಟ್ರಕ್ಕಿಗೆ ನೀವ ಬ್ಯಾಡ ಅಂತ ಕೈ ಎತ್ತಿದ್ರಲ್ಲ, ಏನ್ ಹೇಳ್ಬೇಕ್ರಿ ನಿಮಗ?"

"ಏನ್ ಮಾಡ್ಲಮ್ಮ. ಈಗ್ತಾನೆ ಅಷ್ಟು ಹೊಗಳವ್ನೆ. ಎದುರಿಗೇ ನಿಂತ್ಕಂಡು ಮುಖ ನೋಡ್ತಾವ್ನೆ. ಹೆಂಗಮ್ಮ ಬ್ಯಾಡ ಅನ್ನೋದು?"

"ಬಾಯಿ ತಗದು ಬ್ಯಾಡ ಅನ್ನೂದ್ರಿ. ಅದೇನ್ ಭಾರ ಐತಿ?"

ನೂರ್ ಆಂಟಿ, "ಇವರ ಜೊತೆ ಸಂಸಾರ ಮಾಡೋದು ಅಂದ್ರೆ ಹೀಗೇನೆ ನೋಡಮ್ಮ" ಎಂದು ಸೆರಗು ಬಿಗಿದುಕೊಂಡು ಮುಂದೆ ನಡೆದರು.

ಮಾರನೆಯ ದಿನ ಅಂಕಲ್ ಟ್ರಕ್ಕನ್ನು ಗ್ಯಾರೇಜಿನೊಳಗೆ ಹೊಗಿಸಿ ನೋಡಿದರು. ಮೂತಿ ಎದುರಿನ ಗೋಡೆಗೆ ತಾಗಿ ನಿಂತರೂ ಬಾಲ ಒಂದು ಮೊಳ ಹೊರಗೇ ಉಳಿಯಿತು. ನಾನು ಗುಂಡಿ ಒತ್ತಿದೆ, ಬಾಗಿಲು ಇಳಿಯುತ್ತಾ ಬಂದು ಟ್ರಕ್ಕಿನ ಮೇಲೆ ಕೂತು ಮತ್ತೆ ಮೇಲಕ್ಕೆ ಹೋಯಿತು. ಆಂಟಿ ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ಟ್ರಕ್ ಬಿಟ್ಟರೆ ಕಸುಬಿಲ್ಲ, ಇಟ್ಟುಕೊಂಡರೆ ಮನೆ ಇಲ್ಲ ಎನ್ನುವುದು ಅವತ್ತು ಮೂವರಿಗೂ ಸ್ಪಷ್ಟವಾಯಿತು.

ಒಂದು ಮೈಲಿಗಿಂತ ಸ್ವಲ್ಪ ದೂರದಲ್ಲಿ ಒಂದು ದಿನಸಿ ಅಂಗಡಿ ಇತ್ತು. ಅದರ ಹಿಂದಿನ ಖಾಲಿ ಜಾಗದಲ್ಲಿ ಟ್ರಕ್ ನಿಲ್ಲಿಸಿಕೊಳ್ಳಲು ಅಂಗಡಿಯವರು ಒಪ್ಪಿದರು. ಅಂಕಲ್ ದಿನಾ ಬೆಳಿಗ್ಗೆ ಅಲ್ಲಿಯವರೆಗೆ ನಡೆದು ಹೋಗುವುದು, ಸಂಜೆ ನಡೆದು ಬರುವುದು. ಸಾಮಾನು ಟ್ರಕ್ಕಿನಲ್ಲೇ ಬಿಟ್ಟರೆ ಯಾರಾದರೂ ಹೊತ್ತೊಯ್ಯುತ್ತಾರೆಂದು ಟೈಲ್ಸ್ ಕತ್ತರಿಸುವ ಯಂತ್ರದ ಚೀಲ ಹೆಗಲ ಮೇಲೆ. ಆಂಟಿಗೆ ಡ್ರೈವ್ ಮಾಡಲು ಬರುತ್ತಿತ್ತಾದರೂ ಹಿಮ ಬಿದ್ದ ರಸ್ತೆಯಲ್ಲಿ ಸ್ಟಿಯರಿಂಗ್ ಮುಟ್ಟುತ್ತಿರಲಿಲ್ಲ. ನಾನು ಬಿಡುತ್ತೇನೆ ಎಂದೆ. ಎರಡು ದಿನ ಬಂದರು. ಮೂರನೆಯ ದಿನ ನಾನು ಕೋಟು ಹಾಕಿಕೊಂಡು ಹೊರಗೆ ಬರುವಷ್ಟರಲ್ಲಿ ಹಿಮದ ಮೇಲೆ ಬರೀ ಹೆಜ್ಜೆ ಗುರುತು. ಮರುದಿನ ಅಲಾರಂ ಮುಂಚೆ ಇಟ್ಟುಕೊಂಡೆ. ಅವರು ಇನ್ನೂ ಮುಂಚೆ ಹೋದರು. ನನಗೆ ತೊಂದರೆ ಆಗಬಾರದಂತೆ. ಹೀಗೆ ನಾವಿಬ್ಬರೂ ಪೈಪೋಟಿಗೆ ಬಿದ್ದು ಏಳುವುದನ್ನು ನೋಡಿ ಆಂಟಿ, "ಇನ್ನೆರಡು ದಿನ ಬಿಟ್ರೆ ಇವರು ಮಲಗೋಕೆ ಮುಂಚೆನೇ ಎದ್ದು ಹೋಗ್ತಾರೆ" ಎಂದು ಬೇಲಿಯಾಚೆಯಿಂದ ನಕ್ಕರು.

ಆ ಜನವರಿಯ ಚಳಿ ಬಹಳ ಕೆಟ್ಟದ್ದು. ಫ್ಯಾರನ್‌ಹೀಟಿನಲ್ಲೇ ಸೊನ್ನೆಗಿಂತ ಕೆಳಗೆ ಹೋಗಿತ್ತು, ಮೂಗಿನೊಳಗಿನ ಉಸಿರು ಗಟ್ಟಿಯಾಗುವಂಥ ಚಳಿ. ಫೆಬ್ರವರಿಯ ಒಂದು ಬೆಳಿಗ್ಗೆ ಅಂಕಲ್ ಬೀದಿಯ ತಿರುವಿನಲ್ಲಿ ಹಿಮಗಡ್ಡೆಯ ಮೇಲೆ ಜಾರಿದರು. ಬೀಳುವಾಗ ಯಂತ್ರ ಒಡೆಯಬಾರದೆಂದು ಚೀಲವನ್ನು ಎದೆಗೆ ಅವುಚಿಕೊಂಡು ಮಂಡಿಯ ಮೇಲೆ ಬಿದ್ದರಂತೆ. ಟೈಲ್ಸ್ ಹಾಕುವವನಿಗೆ ಮಂಡಿ ಎಂದರೆ ಇಡೀ ದಿನ ಅದರ ಮೇಲೇ ಕೂತು ದುಡಿಯುವ ಅಂಗ. ಬೇಸಿಗೆ ಬರುವವರೆಗೂ ಕೆಲಸಕ್ಕೆ ಹೋಗಲಾಗಲಿಲ್ಲ. ಹೋಗತೊಡಗಿದ ಮೇಲೂ ಕುಂಟು ಹೋಗಲಿಲ್ಲ.

ಏಪ್ರಿಲಿನಲ್ಲಿ ಒಂದು ದಿನ ಆಂಟಿ ಕಿಟಕಿ ತೆರೆದು ನನ್ನನ್ನು ಕರೆದರು. ಕಣ್ಣು ಕೆಂಪಾಗಿತ್ತು.

"ಮನೆ ಮಾರ್ಬಿಡಾಣ ಅಂತ ಅವರೇ ಅಂದ್ರು ಕಣಮ್ಮ. ಇನ್ನೊಂದು ಚಳಿಗಾಲ ಆ ಕಾಲಲ್ಲಿ ನಡೆಯಕ್ಕೆ ಆಗಲ್ಲ. ಲೊಂಬಾರ್ಡ್‌ನಾಗೆ ಆದ್ರೆ ಮನೆ ಮುಂದೇನೆ ಟ್ರಕ್ ನಿಲ್ಲಿಸ್ಕಬೋದು. ಈ ರಮ್ಜಾನ್ ಒಂದು ಇಲ್ಲಿ ಕಳೆದು ಹೋಗಾಣ ಅಂದೆ."

ಡೇಲ್‌ಗೆ ಹೋಗಿ ಹೇಳಿ ಎಂದು ನಾನು ಬಾಯಿ ಬಡಿದುಕೊಂಡೆ. ಅವನಿಗೆ ಬೇಜಾರಾಗುತ್ತದೆ ಎಂದರು ಅಂಕಲ್. ಹಾಗಾದರೆ ನಾನೇ ಹೇಳುತ್ತೇನೆ ಎಂದೆ. ನನ್ನಾಣೆ, ನೀನು ಹೋಗಬೇಡ ಎಂದು ಆಣೆ ಹಾಕಿದರು. ಆ ಸಿಟ್ಟಿಗೆ ಒಂದು ವಾರ ಅವರ ಜೊತೆ ಮಾತು ಬಿಟ್ಟಿದ್ದೆ. ಬೇಲಿಯ ಮೇಲೆ ಹಲ್ವ ಬಂದಾಗ ಮಾತ್ರ ಡಬ್ಬಿ ತೆಗೆದುಕೊಂಡೆ, ತಿಂಡಿಯ ಮೇಲೆ ಸಿಟ್ಟು ತೋರಿಸುವುದು ನನಗೆ ಬರುವುದಿಲ್ಲ.

ಜೂನ್ ತಿಂಗಳಲ್ಲಿ ಡೇಲ್ ಒಂದು ಹೊಚ್ಚ ಹೊಸ ಪಿಕಪ್ ಟ್ರಕ್ ಕೊಂಡ. ಕಡುಗೆಂಪು ಬಣ್ಣ, ನಾಲ್ಕು ಬಾಗಿಲು, ಚರ್ಮದ ಸೀಟು. ನಾನು ಫೋನಿನಲ್ಲಿ ಗಿರಾಕಿಗಳ ಯಾವ ಆಸೆಗಳನ್ನೆಲ್ಲ ಬರೆದುಕೊಂಡು ವಿಕ್ಸಮ್‌ಗೆ ಒಯ್ಯುತ್ತಿದ್ದೆನೋ ಅದೇ ಆಸೆಗಳು ಚಕ್ರ ಹಾಕಿಕೊಂಡು ನಮ್ಮ ಬೀದಿಗೇ ಬಂದು ನಿಂತಿದ್ದವು. ಡೇಲ್ ನಮ್ಮನ್ನೆಲ್ಲ ಕರೆದು ತೋರಿಸಿದ. ಅಂಕಲ್ ಕುಂಟುತ್ತಾ ಒಂದು ಸುತ್ತು ಬಂದು, ಒಳಗೆ ಕೂತು, ಸೀಟಿನ ಮೇಲೆ ಕೈಯಾಡಿಸಿ, ನನಗೆ ಕನ್ನಡದಲ್ಲಿ ಹೇಳಿದರು: "ಮನೆ ಇದ್ದಂಗೈತಮ್ಮ. ಇದರೊಳಗೆ ಸಿಮೆಂಟ್ ಚೀಲ ಇಡಕ್ಕೆ ಮನಸು ಬಂದಾತಾ?" ಅವರ ದನಿಯಲ್ಲಿ ಒಂದಿಷ್ಟೂ ವ್ಯಂಗ್ಯವಿರಲಿಲ್ಲ. ನನ್ನದರಲ್ಲಿ ಇತ್ತು. ಇಷ್ಟು ದೊಡ್ಡ ಗಾಡಿ ಏನು ಹೇರಲು ಎಂದು ಡೇಲ್‌ನನ್ನು ಕೇಳಿದೆ. ದೋಣಿ ಎಳೆಯಲು ಎಂದ. ದೋಣಿ ಎಲ್ಲಿ ಎಂದೆ. ಮುಂದೊಂದು ದಿನ ಕೊಳ್ಳುತ್ತೇನೆ ಎಂದು ನಾಚಿದ. ಎಷ್ಟು ವರ್ಷದಿಂದ ಇಟ್ಟುಕೊಂಡ ಆಸೆಯೋ, ಆ ಮುಖ ನೋಡಿ, ಗಾಡಿ ಚೆನ್ನಾಗಿದೆ ಎಂದು ನಾನೂ ಅಂದುಬಿಟ್ಟೆ.

ಆ ಟ್ರಕ್ಕೂ ಗ್ಯಾರೇಜಿನಲ್ಲಿ ಹಿಡಿಯಲಿಲ್ಲ. ಬಾಗಿಲು ಇಳಿದು, ಕೆಂಪು ಬಾಲದ ಮೇಲೆ ಕೂತು, ಮೇಲೆ ಹೋಯಿತು. ನಾನೂ ಆಂಟಿಯೂ ನಮ್ಮ ನಮ್ಮ ಕಿಟಕಿಯಿಂದಲೇ ನೋಡಿದೆವು. ಇನ್ನೊಂದು ವಿಷಯವನ್ನು ಆಂಟಿಯೇ ಕಂಡುಹಿಡಿದರು. ಇಲಿನಾಯ್ ರಾಜ್ಯದಲ್ಲಿ ಪಿಕಪ್ ಯಾವುದೇ ಇರಲಿ, ನಂಬರ್ ಪ್ಲೇಟಿನ ಕೊನೆಗೆ ಬಿ ಎಂಬ ಅಕ್ಷರ ಇರುತ್ತದೆ, ಅದು ಟ್ರಕ್ಕು ಎನ್ನುವ ಗುರುತು. ಅಂಕಲ್ ಗಾಡಿಯ ಆ ಬಿ ನೋಡಿಯೇ ಒಮ್ಮೆ ಪೊಲೀಸಿನವನು ಸರೋವರದ ದಂಡೆಯ ರಸ್ತೆಯಿಂದ ಇವರನ್ನು ಆಚೆ ಕಳಿಸಿದ್ದ, ಅಲ್ಲಿ ಟ್ರಕ್ಕುಗಳಿಗೆ ಪ್ರವೇಶವಿಲ್ಲ ಎಂದು. ಅಂದಿನಿಂದ ಆಂಟಿಗೆ ಆ ಅಕ್ಷರದ ಮೇಲೆ ಒಂದು ಕಣ್ಣು. ಈಗ ಡೇಲ್‌ನ ಕೆಂಪು ಗಾಡಿಯ ಹಿಂದೆಯೂ ಅದೇ ಬಿ.

ಇನ್ನು ನಿಯಮ ಹೋದಂತೆಯೇ ಎಂದು ನಾನು ಖುಷಿಯಾಗಿದ್ದೆ. ಡೇಲ್ ಮೂರು ತಿಂಗಳು ಟ್ರಕ್ಕನ್ನು ಮನೆ ಮುಂದೆಯೇ ನಿಲ್ಲಿಸಿದ, ಯಾರೂ ಏನೂ ಅನ್ನಲಿಲ್ಲ. ಸೆಪ್ಟೆಂಬರಿನಲ್ಲಿ ಮುಂದಿನ ಮೀಟಿಂಗಿನ ಸೂಚನೆ ಬಂತು. ಏಣಿ, ಸಾಮಾನು, ಹೆಸರಿನ ಬರಹ ಇಲ್ಲದ ಪಿಕಪ್ಪುಗಳಿಗೆ ಮಾತ್ರ ಅವಕಾಶ ಕೊಡೋಣ ಎಂದಿತ್ತು. ಅಂದರೆ ಏನೂ ಹೇರದ ಟ್ರಕ್ಕು ಬೀದಿಯಲ್ಲಿರಬಹುದು, ಹೇರುವ ಟ್ರಕ್ಕು ಇರಬಾರದು. ಓದಿದವಳೇ ಪಕ್ಕದ ಮನೆಗೆ ನುಗ್ಗಿದೆ.

"ಅಂಕಲ್, ಈ ಸಲ ಏನರ ಕೈ ಎತ್ತಿದ್ರೋ, ನೋಡ್ರಿ ಮತ್ತ."

"ನೋಡಾಣ ಕಣಮ್ಮ" ಎಂದರು. ಆ ನೋಡೋಣದ ಅರ್ಥ ನನಗೂ ಆಂಟಿಗೂ ಚೆನ್ನಾಗಿ ಗೊತ್ತಿತ್ತು.

ಮೀಟಿಂಗು ರಮ್ಜಾನ್ ತಿಂಗಳಲ್ಲೇ ಬಂತು. ಇಬ್ಬರೂ ಉಪವಾಸ ಬಿಟ್ಟು ನೇರವಾಗಿ ಬಂದರು. ಆಂಟಿ ಒಂದು ದೊಡ್ಡ ಡಬ್ಬಿ ತುಂಬ ಸಮೋಸ ತಂದಿದ್ದರು. ಮನೆ ಬಿಟ್ಟು ಹೋಗುವ ಮುಂಚೆ ಬೀದಿಯವರಿಗೆಲ್ಲ ಒಮ್ಮೆ ತಿನ್ನಿಸಬೇಕು ಎಂದು ಅವರ ಆಸೆ. ಡೇಲ್ ಎರಡು ತಿಂದ. ತನ್ನ ನಿಯಮ ಓದಿದ. ಇಂಥ ಬದಲಾವಣೆಗೆ ಬಂದವರಲ್ಲಿ ಮೂರರಲ್ಲಿ ಎರಡು ಪಾಲು ಜನ ಒಪ್ಪಬೇಕಿತ್ತು. ಒಪ್ಪುವವರು ಕೈ ಎತ್ತಿ ಎಂದ. ಕೈಗಳು ಏಳತೊಡಗಿದವು. ಡೇಲ್ ಎಲ್ಲರನ್ನೂ ನೋಡುತ್ತಾ ಬಂದು ಅಂಕಲ್ ಹತ್ತಿರ ನಿಂತು ನಕ್ಕ. ಮೀಸೆಯ ಮೇಲೆ ಸಮೋಸದ ಪುಡಿ ಇನ್ನೂ ಇತ್ತು.

ಅಂಕಲ್ ಕೂಡ ನಕ್ಕರು. ನಾನು ಅವರ ಬಲಗೈಯನ್ನೇ ನೋಡುತ್ತಿದ್ದೆ. ಅದು ಮಂಡಿ ಬಿಟ್ಟು ಮೇಲೆದ್ದಿತು. ಭುಜದ ಹತ್ತಿರ ಬಂತು. ಅಷ್ಟರಲ್ಲಿ ಪಕ್ಕದಲ್ಲಿ ಕೂತಿದ್ದ ನೂರ್ ಆಂಟಿ ತಮ್ಮ ಎರಡೂ ಕೈಗಳಿಂದ ಆ ಕೈಯ ಮಣಿಕಟ್ಟು ಹಿಡಿದು, ಕೆಳಗೆಳೆದು, ತಮ್ಮ ತೊಡೆಯ ಮೇಲೆ ಇಟ್ಟು ಒತ್ತಿಕೊಂಡರು. ಇಡೀ ಸಭೆ ನೋಡಿತು. ಆಂಟಿಯ ಮುಖ ಬೆವೆತಿತ್ತು. ಅಷ್ಟು ಜನದೆದುರು ಅವರು ಒಂದು ಮಾತು ಆಡಿದ್ದನ್ನು ನಾನು ಅದುವರೆಗೆ ನೋಡಿರಲಿಲ್ಲ.

"ಮಿಸ್ಟರ್ ಡೇಲ್" ಎಂದರು. "ಯುವರ್ ಟ್ರಕ್ ನಂಬರ್, ಲಾಸ್ಟ್ ಲೆಟರ್ ವಾಟ್?"

ಡೇಲ್‌ಗೆ ಅರ್ಥವಾಗಲಿಲ್ಲ. ಯೋಚಿಸಿ, "ಬಿ" ಎಂದ.

"ಅವರ್ ಟ್ರಕ್ ಆಲ್ಸೋ ಬಿ. ಗವರ್ನಮೆಂಟ್ ಸೇಯಿಂಗ್ ಸೇಮ್ ಟ್ರಕ್." ಅಷ್ಟು ಹೇಳಿ, ಅಂಕಲ್ ಕೈಯನ್ನು ಬಿಡದೆಯೇ ನನ್ನ ಕಡೆ ತಿರುಗಿದರು. "ಮುಂದಕ್ಕೆ ನೀನು ಹೇಳಮ್ಮ. ನನ್ನ ಇಂಗ್ಲಿಷ್ ಮುಗೀತು."

ನನಗೆ ಬೇಕಾಗಿದ್ದೂ ಅದೇ. ಎದ್ದು ನಿಂತು ಎಲ್ಲ ಹೇಳಿದೆ. ದಿನಸಿ ಅಂಗಡಿಯ ಹಿಂದಿನ ಜಾಗ, ಹಿಮದಲ್ಲಿ ನಡೆದದ್ದು, ಮಂಡಿ, ಹಬ್ಬ ಮುಗಿದ ಮೇಲೆ ಈ ಮನೆ ಮಾರಿ ಹೋಗುತ್ತಿದ್ದಾರೆ ಎನ್ನುವುದು. ಡೇಲ್ ಕುರ್ಚಿ ಎಳೆದುಕೊಂಡು ಕೂತುಬಿಟ್ಟ. ಕುಂಟುವುದನ್ನು ನೋಡಿದ್ದ, ವಯಸ್ಸಿನದು ಎಂದುಕೊಂಡಿದ್ದನಂತೆ.

"ಆದರೆ ಹೋದ ವರ್ಷ ಅವನೇ ಕೈ ಎತ್ತಿದನಲ್ಲ?" ಎಂದು ನನ್ನನ್ನು ಕೇಳಿದ. ಅವನ ಪ್ರಶ್ನೆಯಲ್ಲಿ ಕಪಟವಿರಲಿಲ್ಲ. ಅವನ ಲೆಕ್ಕದಲ್ಲಿ ಎತ್ತಿದ ಕೈ ಎಂದರೆ ಒಪ್ಪಿಗೆ, ಬೇರೆ ಅರ್ಥವೇ ಇಲ್ಲ.

ದಾಕ್ಷಿಣ್ಯಕ್ಕೆ ಇಂಗ್ಲಿಷಿನಲ್ಲಿ ಏನು ಹೇಳಲಿ? ಸಂಕೋಚವಲ್ಲ, ಹೆದರಿಕೆಯೂ ಅಲ್ಲ. ಕೊನೆಗೆ, ನಿನ್ನ ಮುಖ ಬಾಡುವುದನ್ನು ನೋಡಲು ಅವರಿಗೆ ಆಗಲಿಲ್ಲ, ಅದಕ್ಕೆ ಎತ್ತಿದರು ಎಂದೆ. ಡೇಲ್ ಅಂಕಲ್ ಕಡೆ ನೋಡಿದ. ಅಂಕಲ್ ತಪ್ಪು ಮಾಡಿದವರ ಹಾಗೆ ನೆಲ ನೋಡುತ್ತಿದ್ದರು. ನಾನು ಕೂತಾಗ, ಸೋಫಾ ಹೇರಿಸಿಕೊಂಡಿದ್ದ ಕನ್ನಡದವರ ಕೈಗಳು ಒಂದೊಂದಾಗಿ ಇಳಿದಿದ್ದವು. ನಮ್ಮವರು ಈ ಸಲ ಕೈ ಎತ್ತಿಯೇ ಇರಲಿಲ್ಲ, ಎರಡನ್ನೂ ಜೇಬಿನಲ್ಲಿಟ್ಟುಕೊಂಡು ಬಂದಿದ್ದರು.

ಡೇಲ್‌ನ ತಿದ್ದುಪಡಿ ಬಿದ್ದುಹೋಯಿತು. ಹಳೆಯ ನಿಯಮವೇ ಉಳಿಯಿತು, ಈಗ ಇಬ್ಬರಿಗೂ. ಡೇಲ್‌ನಲ್ಲಿ ನನಗೆ ಇಷ್ಟವಾದದ್ದು ಇದು: ತಾನು ಮಾಡಿದ ನಿಯಮವನ್ನು ತಾನು ಮುರಿಯಲಿಲ್ಲ. ಮರುದಿನ ಸಂಜೆಯೇ ಕೆಂಪು ಟ್ರಕ್ಕನ್ನು ದಿನಸಿ ಅಂಗಡಿಯ ಹಿಂದೆ, ಬಿಳಿ ಟ್ರಕ್ಕಿನ ಪಕ್ಕದಲ್ಲಿ ನಿಲ್ಲಿಸಿ ಬಂದ.

ನವೆಂಬರಿನಲ್ಲಿ ಮೊದಲ ಹಿಮ ಬಿದ್ದ ಬೆಳಿಗ್ಗೆ ನಾನು ಚಹಾಕ್ಕೆ ನೀರಿಟ್ಟು ಕಿಟಕಿಯಲ್ಲಿ ನೋಡಿದೆ. ಡೇಲ್ ತನ್ನ ಮನೆಯಿಂದ ಬಂದು ಅಂಕಲ್ ಬಾಗಿಲಲ್ಲಿ ಕಾಯುತ್ತಾ ನಿಂತಿದ್ದ. ನಿವೃತ್ತಿಯಾದ ಮನುಷ್ಯ, ಅವನಿಗೆ ಆ ಹೊತ್ತಿಗೆ ಎಲ್ಲಿಗೂ ಹೋಗಬೇಕಾಗಿರಲಿಲ್ಲ. ಅಂಕಲ್ ಬಾಗಿಲು ತೆರೆದರು. ಇಬ್ಬರ ನಡುವೆ ಏನೋ ಎಳೆದಾಟ ನಡೆಯಿತು. ಬೇಡ, ಕೊಡು, ಬೇಡ, ಕೊಡು ಎನ್ನುವುದು ಗಾಜಿನಾಚೆಯಿಂದಲೂ ತಿಳಿಯುತ್ತಿತ್ತು. ಕೊನೆಗೆ ಯಂತ್ರದ ಚೀಲ ಡೇಲ್‌ನ ಹೆಗಲಿಗೆ ಹೋಯಿತು. ಒಬ್ಬ ಕುಂಟುತ್ತಾ, ಇನ್ನೊಬ್ಬ ಭಾರಕ್ಕೆ ವಾಲುತ್ತಾ ಇಬ್ಬರೂ ತಿರುವು ದಾಟಿದರು. ಎದುರಿನ ಕಿಟಕಿಯಲ್ಲಿ ನೂರ್ ಆಂಟಿಯೂ ನಿಂತಿದ್ದರು. ನನ್ನನ್ನು ನೋಡಿ ನಕ್ಕು, ಸೆರಗಿನಿಂದ ಕಣ್ಣು ಒರೆಸಿಕೊಂಡರು. ನಾನೂ ಅತ್ತೆ, ಸುಳ್ಳು ಯಾಕೆ ಹೇಳಲಿ.

ಆ ಚಳಿಗಾಲ ಮುಗಿಯುವ ಮೊದಲೇ ಡೇಲ್ ವಿಶೇಷ ಮೀಟಿಂಗ್ ಕರೆದ. ಈ ಸಲ ಅವನ ನಿಯಮ ಒಂದೇ ಸಾಲಿನದು. ಮನೆಯವರ ಪಿಕಪ್ ಮನೆ ಮುಂದೆ ನಿಲ್ಲಬಹುದು. ಏಣಿಯ ಮಾತಿಲ್ಲ, ಹೆಸರಿನ ಮಾತಿಲ್ಲ. ಮೊದಲಿನಿಂದಲೂ ಹಿಡಿದೇ ಕೂತಿದ್ದ ಅಂಕಲ್ ಕೈಯನ್ನು ಆಂಟಿ ಆಗ ಬಿಟ್ಟರು, ಅದು ಎಲ್ಲರಿಗಿಂತ ಮೊದಲು ಮೇಲೆ ಹೋಯಿತು. ಮನೆ ಮಾರುವ ಮಾತು ಮತ್ತೆ ಬರಲಿಲ್ಲ.

ಬಿಟ್ಟು ಬಂದವರು ನಾವು. ನನ್ನ ಆಫೀಸಿನವರು ಇಲ್ಲಿಗೇ ಬಾ ಎಂದರು, ಬಂದೆವು. ಹೋದ ವರ್ಷ ಪೆಟ್ರೋಲ್ ಬೆಲೆ ಏರಿದಾಗ ಫೋನಿನಲ್ಲಿ ನನ್ನ ಪ್ರಶ್ನೆಯೂ ಬದಲಾಯಿತು. ಟ್ರಕ್ ಯಾಕೆ ಮಾರಿದಿರಿ ಎಂದು ಕೇಳತೊಡಗಿದೆ. ಜನ ಪೆಟ್ರೋಲಿನ ಲೆಕ್ಕ ಹೇಳುತ್ತಿದ್ದರು. ಆದರೆ ಹೇಳಿ ಮುಗಿಸಿದ ಮೇಲೂ ಫೋನ್ ಇಡಲು ತಡ ಮಾಡುತ್ತಿದ್ದರು. ಆ ಕುದುರೆ, ಆ ದೋಣಿ, ಆ ಮನೆಗಳನ್ನೂ ಟ್ರಕ್ಕಿನ ಜೊತೆಗೇ ಕೊಟ್ಟುಬಿಟ್ಟೆವಲ್ಲ ಎಂದು ನೆನೆಯುತ್ತಿದ್ದರೇನೋ. ಡೇಲ್ ಕೂಡ ತನ್ನ ಕೆಂಪು ಟ್ರಕ್ ಮಾರಿದ ಎಂದು ಆಂಟಿ ಆಗ ಫೋನಿನಲ್ಲಿ ಹೇಳಿದ್ದರು.

ಹಸಿ ಸಿಮೆಂಟಿನ ವಾಸನೆ ಬಂದ ಆ ಮಧ್ಯಾಹ್ನ ತಡೆಯಲಾಗದೆ ಅಂಕಲ್‌ಗೆ ಫೋನ್ ಮಾಡಿದೆ. ಟೈಲ್ಸ್ ಹಾಕಿಸುತ್ತಿದ್ದೇನೆ ಎಂದು ಬಾಯಿ ಜಾರಿ ಹೇಳಿಬಿಟ್ಟೆ.

"ಬೇರೆ ಯಾರ ಕೈಲೋ ಯಾಕಮ್ಮ ಹಾಕಿಸಿದ್ದು? ನನ್ನ ಕರೀಬಾರ್ದಾಗಿತ್ತಾ?"

"ಐದು ತಾಸು ಡ್ರೈವ್ ರೀ ಅಂಕಲ್. ನಿಮಗ್ಯಾಕ ತ್ರಾಸು ಅಂತ..."

ಆ ಕಡೆಯಿಂದ ನಗು ಕೇಳಿತು. "ದಾಕ್ಷಿಣ್ಯ ಬಂದ್ಬಿಡ್ತಾ ನಿನಗೂ?"

ನನಗೆ ನಾಚಿಕೆಯಾಯಿತು. ಮಾತು ತಿರುಗಿಸಲು, "ಹಂಗಾರ ಈ ಶನಿವಾರ ಆಂಟೀನ ಕರಕೊಂಡು ಬಂದ್ಬಿಡ್ರಿ, ಫ್ರೀ ಇದ್ದೀರೇನು?" ಎಂದೆ. ಇದೀನಿ, ಇದೀನಿ ಎನ್ನುತ್ತಾರೆ ಎಂದು ಗೊತ್ತೇ ಇತ್ತು. ಮಾಡಬೇಕಾದ ಅಡುಗೆ ಆಗಲೇ ಮನಸ್ಸಿನಲ್ಲಿ ಶುರುವಾಗಿತ್ತು.

"ಇಲ್ಲ ಕಣಮ್ಮ. ಈ ಶನಿವಾರ ಆಗಲ್ಲ."

ಸರಿಯಾಗಿ ಕೇಳಿತೋ ಇಲ್ಲವೋ ಎಂದು ಫೋನನ್ನು ಇನ್ನೊಂದು ಕಿವಿಗೆ ಹಿಡಿದೆ.

"ಡೇಲ್ ದೋಣಿ ತಗಂಡವ್ನೆ" ಎಂದರು ಅಂಕಲ್. "ಎಳೆಯಕ್ಕೆ ಅವನ ಹತ್ರ ಟ್ರಕ್ಕಿಲ್ಲ. ಶನಿವಾರ ನಮ್ಮ ಟ್ರಕ್ಕಿಗೆ ಕಟ್ಕಂಡು ನೀರಿಗೆ ಇಳಿಸ್ಬೇಕು. ಮುಂದಿನ ವಾರ ಬತ್ತೀವಿ."

ಫೋನ್ ಇಟ್ಟ ಮೇಲೂ ಅಡುಗೆಮನೆಯ ಬಾಗಿಲಲ್ಲಿ ನಿಂತೇ ಇದ್ದೆ. ಇಷ್ಟು ವರ್ಷದಲ್ಲಿ ಆ ಮನುಷ್ಯ ನನಗೆ ಇಲ್ಲ ಅಂದದ್ದು ಅದೇ ಮೊದಲು. ಎಷ್ಟು ಸಲೀಸಾಗಿ ಅಂದುಬಿಟ್ಟರು. ನಮ್ಮವರಿಗೆ ಈಗಲೇ ಹೇಳಬೇಕೆಂದು ಮಹಡಿಯ ಮೆಟ್ಟಿಲು ಹತ್ತಿ ಓಡಿದೆ.